ನಂಬರ್ ಬಿಡಿ, ಸೆಂಟಿಮೀಟರ್ ಹಿಡಿಯಿರಿ

ಹಿಮದ ಮೇಲೆ ಜಾರುವ ಸುಖವೂ ಸಂಕಟವೂ ಅರ್ಧಕ್ಕರ್ಧ ಬೂಟಿನೊಳಗೇ ನಿರ್ಧಾರವಾಗುತ್ತವೆ. ಗುಲ್ಮಾರ್ಗ್‌ಗೆ ಹೊರಡುವವರು ಪುಣೆಯ ಶಿವಾಜಿನಗರದ ಮನೆಯಲ್ಲೇ ಮಾಡಿಕೊಳ್ಳಬಹುದಾದ ತಯಾರಿ ಇದು.

ಪುಣೆಯಲ್ಲಿ ಇವತ್ತು ಎಷ್ಟು ಚಳಿ ಎಂದು ಪತ್ರಿಕೆಗಳು ಬರೆಯುವಾಗ ಸಾಮಾನ್ಯವಾಗಿ ಕೊಡುವುದು ಶಿವಾಜಿನಗರದ ಹವಾಮಾನ ಕೇಂದ್ರದ ಲೆಕ್ಕ. 1928ರಲ್ಲಿ ಹವಾಮಾನ ಇಲಾಖೆಯ ಪ್ರಧಾನ ಕಚೇರಿ ಶಿಮ್ಲಾದಿಂದ ಇಲ್ಲಿಗೆ ಬಂತು. ಆ ಕಟ್ಟಡವನ್ನು ಊರವರು ಇಂದಿಗೂ ಶಿಮ್ಲಾ ಆಫೀಸ್ ಎಂದೇ ಕರೆಯುತ್ತಾರೆ. ಡಿಸೆಂಬರ್‌ನಲ್ಲಿ ಪಾದರಸ ಹತ್ತು ಡಿಗ್ರಿಯ ಆಸುಪಾಸಿಗೆ ಇಳಿದರೆ ಜಂಗ್ಲಿ ಮಹಾರಾಜ್ ರಸ್ತೆಯ ತುಂಬ ಸ್ವೆಟರು, ಮಫ್ಲರು. ಗುಲ್ಮಾರ್ಗ್, ಔಲಿ, ಸೋಲಂಗ್ ಎಂಬ ಮಾತು ಮನೆಗಳಲ್ಲಿ ಶುರುವಾಗುವುದೂ ಆಗಲೇ.

ಪುಣೆಯವರಿಗೆ ಬೆಟ್ಟ ಹೊಸದಲ್ಲ. ಸಿಂಹಗಡ, ರಾಜಗಡ, ತೋರಣಾ ಹತ್ತಿ ಕಾಲು ಪಳಗಿಸಿಕೊಂಡವರು ಇಲ್ಲಿ ಬೇಕಾದಷ್ಟಿದ್ದಾರೆ. ಇಲ್ಲಿನ ಗಿರಿಪ್ರೇಮಿ ಸಂಸ್ಥೆಯ ತಂಡ 2012ರಲ್ಲಿ ಎವರೆಸ್ಟ್, 2019ರಲ್ಲಿ ಕಾಂಚನಜುಂಗಾ ಏರಿ ಬಂದಿದೆ. ಟ್ರೆಕ್ಕಿಂಗ್ ಬೂಟು ಕೊಳ್ಳುವಾಗ ಏನು ನೋಡಬೇಕೆಂದು ಈ ಊರಿನ ಕಾಲೇಜು ಹುಡುಗರಿಗೂ ಗೊತ್ತು: ಗಡ ಇಳಿಯುವಾಗ ಪಾದ ಮುಂದಕ್ಕೆ ಜಾರುತ್ತದೆ, ಬೆರಳ ಮುಂದೆ ಹೆಬ್ಬೆರಳಗಲ ಜಾಗ ಇರಲಿ, ಬೇಕಿದ್ದರೆ ಒಂದು ನಂಬರ್ ದೊಡ್ಡದೇ ಇರಲಿ. ಸಹ್ಯಾದ್ರಿಗೆ ಈ ಲೆಕ್ಕ ಸರಿ. ಸ್ಕೀ ಬೂಟಿಗೆ ಇದೇ ಲೆಕ್ಕ ಹಿಡಿದರೆ ಕಾಲು ಕೆಡುತ್ತದೆ. ಹೊಸಬರು ಮೊದಲ ದಿನವೇ ಸೋತು ಕೂರುವುದಕ್ಕೆ ಮುಖ್ಯ ಕಾರಣ ಈ ದೊಡ್ಡ ನಂಬರೇ ಎಂದು ನಾನು ನಂಬಿದ್ದೇನೆ.

ಬೂಟು ಮಾಡುವ ಕೆಲಸ

ನಡೆಯುವ ಬೂಟು ಪಾದವನ್ನು ಕಾಪಾಡಿದರೆ ಸಾಕು. ಇಳಿಜಾರಿನಲ್ಲಿ ಜಾರುವ ಆಲ್ಪೈನ್ ಸ್ಕೀಯಿಂಗ್‌ನ ಬೂಟಿಗೆ ಇನ್ನೂ ಒಂದು ಕೆಲಸವಿದೆ: ಅದು ಸ್ಕೀಯನ್ನು ತಿರುಗಿಸಬೇಕು. ಮೊಣಕಾಲು ಬಗ್ಗಿಸಿ ಮುಂದಕ್ಕೆ ವಾಲಿದಾಗ ಕಣಕಾಲಿನ ಮುಂಭಾಗ ಬೂಟಿನ ನಾಲಗೆಯನ್ನು ಒತ್ತುತ್ತದೆ. ಆ ಒತ್ತಡ ಗಟ್ಟಿ ಪ್ಲಾಸ್ಟಿಕ್ ಶೆಲ್‌ಗೆ, ಅಲ್ಲಿಂದ ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್‌ಗೆ, ಅಲ್ಲಿಂದ ಸ್ಕೀಯ ಉಕ್ಕಿನ ಅಂಚಿಗೆ ದಾಟುತ್ತದೆ. ಬೂಟಿನೊಳಗೆ ಪಾದ ಅಲುಗಾಡಿದರೆ ಒತ್ತಡ ಅಲ್ಲೇ ಕಳೆದುಹೋಗುತ್ತದೆ. ಕಾಲು ತಿರುಗುತ್ತದೆ, ಸ್ಕೀ ತಿರುಗುವುದಿಲ್ಲ. ಹಿಡಿತ ಸಿಗದೆ ಬಕಲ್‌ಗಳನ್ನು ಬಿಗಿದೂ ಬಿಗಿದೂ ರಕ್ತಸಂಚಾರಕ್ಕೆ ತಡೆಯಾಗುತ್ತದೆ, ಬೆರಳು ಮರಗಟ್ಟುತ್ತವೆ. ಪಾದ ಹಿಂದೆ ಮುಂದೆ ಓಡಾಡಿ ಉಗುರು ಕಪ್ಪಾಗುತ್ತದೆ, ಕಣಕಾಲು ಬೂಟಿನ ಅಂಚಿಗೆ ಬಡಿದು ಬಾಸುಂಡೆ ಏಳುತ್ತದೆ.

ಮೊದಲು ಸ್ಕೀ ಬೂಟುಗಳೂ ಲೇಸು ಕಟ್ಟುವ ಚರ್ಮದವೇ ಆಗಿದ್ದವು. 1950ರ ದಶಕದಲ್ಲಿ ಬಕಲ್ ಬಂತು. 1960ರ ದಶಕದಲ್ಲಿ ಅಮೆರಿಕದ ಬಾಬ್ ಲಾಂಗೆ ಪ್ಲಾಸ್ಟಿಕ್ ಬೂಟನ್ನು ಮಾರುಕಟ್ಟೆಗೆ ತಂದ ಮೇಲೆ ಚರ್ಮ ಹಿಂದೆ ಸರಿಯಿತು. ಇಟಲಿಯಲ್ಲಿ ಪಾದರಕ್ಷೆ ಹೊಲಿಯುವವರ ಹಳೆಯ ಊರಾದ ಮಾಂಟೆಬೆಲ್ಲೂನಾ ಸ್ಕೀ ಬೂಟಿನ ರಾಜಧಾನಿಯಾಗಿ ಬೆಳೆಯಿತು. ಈ ಬದಲಾವಣೆ ಅರ್ಥವಾಗಲು ನಮ್ಮ ಅಥಣಿ, ನಿಪ್ಪಾಣಿ ಕಡೆಯ ಕೊಲ್ಹಾಪುರಿ ಚಪ್ಪಲಿ ನೆನೆಯಬೇಕು. ಕರ್ನಾಟಕದ ನಾಲ್ಕು, ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಿಗೆ ಸೇರಿ 2019ರಲ್ಲಿ ಭೌಗೋಳಿಕ ಗುರುತು ಪಡೆದ ಈ ಚಪ್ಪಲಿ ಮೊದಲು ಕಚ್ಚಿದರೂ ಎಣ್ಣೆ ಹಚ್ಚಿ ಮೆಟ್ಟಿದಂತೆಲ್ಲ ಪಾದಕ್ಕೆ ಒಗ್ಗುತ್ತದೆ. ಪ್ಲಾಸ್ಟಿಕ್ ಶೆಲ್ ಹಾಗೆ ತಾನಾಗಿ ಒಗ್ಗುವುದಿಲ್ಲ. ಒಗ್ಗುವುದೇನಿದ್ದರೂ ಒಳಗಿನ ಮೆತ್ತನೆಯ ಲೈನರ್. ಅದು ದಿನ ಕಳೆದಂತೆ ಅಮುಕಿ ಇನ್ನಷ್ಟು ಸಡಿಲವೇ ಆಗುತ್ತದೆ. ಅಂದಮೇಲೆ ಮೊದಲ ದಿನವೇ ಸಡಿಲವಾಗಿರುವ ಬೂಟು ಮುಂದೆ ಸರಿಹೋಗುವ ಮಾತೇ ಇಲ್ಲ.

ಸಂಜೆ, ಗೋಡೆ, ಕಾಗದ

ಸ್ಕೀ ಬೂಟಿನ ಅಳತೆಗೆ ಮಾಂಡೋಪಾಯಿಂಟ್ ಎಂದು ಹೆಸರು. ಹೆಸರು ದೊಡ್ಡದು, ವಿಷಯ ಸರಳ: ಪಾದದ ಉದ್ದ ಎಷ್ಟು ಸೆಂಟಿಮೀಟರೋ ಅದೇ ಬೂಟಿನ ಅಳತೆ. ಚಪ್ಪಲಿ ಅಂಗಡಿಯ ಏಳು, ಎಂಟು ಒಂದೊಂದು ಕಂಪನಿಗೆ ಒಂದೊಂದು ಥರ. ನಿಮ್ಮ ಪಾದ 26 ಸೆಂ.ಮೀ. ಇದ್ದರೆ ಎಲ್ಲಿ ಹೋದರೂ 26.

ಹನುಮಾನ್ ಟೇಕಡಿ ಹತ್ತಿಳಿದು ಬಂದ ಸಂಜೆ ಅಳೆಯುವುದು ಒಳ್ಳೆಯದು, ದಿನವಿಡೀ ಓಡಾಡಿದ ಪಾದ ತುಸು ಊದಿಕೊಂಡಿರುತ್ತದೆ. ಗೋಡೆಗೆ ತಾಕಿಸಿ ನೆಲದ ಮೇಲೆ ಕಾಗದ ಹಾಸಿ. ಹಿಮ್ಮಡಿಯನ್ನು ಗೋಡೆಗೆ ಒತ್ತಿ, ಎರಡೂ ಕಾಲ ಮೇಲೆ ಸಮನಾಗಿ ಭಾರ ಬಿಟ್ಟು ನಿಲ್ಲಿ. ಎಲ್ಲಕ್ಕಿಂತ ಮುಂದಿರುವ ಬೆರಳ ತುದಿಗೆ ಇನ್ನೊಬ್ಬರು ಗುರುತು ಹಾಕಲಿ. ನೀವೇ ಬಗ್ಗಿದರೆ ಪಾದ ಕದಲುತ್ತದೆ. ಕೆಲವರಿಗೆ ಹೆಬ್ಬೆರಳಿಗಿಂತ ಎರಡನೆಯ ಬೆರಳೇ ಉದ್ದ, ಅಂಥವರು ಅದನ್ನೇ ಹಿಡಿಯಬೇಕು. ಎರಡು ಪಾದಗಳ ಉದ್ದವೂ ಒಂದೇ ಇರುವುದು ಅಪರೂಪ, ಆದ್ದರಿಂದ ಎರಡನ್ನೂ ಅಳೆಯಿರಿ. ಪಾದದ ಮುಂಭಾಗದ ಅತಿ ಅಗಲದ ಜಾಗವನ್ನೂ ಅಳೆದು ಮೊಬೈಲ್‌ನಲ್ಲಿ ಬರೆದಿಟ್ಟುಕೊಳ್ಳಿ.

ನಮ್ಮವರಿಗೆ ಅಗಲದ ಲೆಕ್ಕ ವಿಶೇಷವಾಗಿ ಮುಖ್ಯ. ಬರಿಗಾಲಲ್ಲಿ ಬೆಳೆದವರ ಪಾದ ಪಾಶ್ಚಾತ್ಯರ ಪಾದಕ್ಕಿಂತ ಅಗಲ ಎಂಬುದನ್ನು ದಕ್ಷಿಣ ಭಾರತದವರ ಪಾದಗಳನ್ನು ಅಳೆದು 2009ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿದೆ. ಸ್ಕೀ ಬೂಟಿನ ಅಗಲವನ್ನು ಮಿಲಿಮೀಟರ್‌ನಲ್ಲಿ ಹೇಳುತ್ತಾರೆ: 98ರ ಆಸುಪಾಸು ಕಿರಿದು, 100 ಮಧ್ಯಮ, 102ರಿಂದ ಮೇಲೆ ಅಗಲ. ಇಕ್ಕೆಲದಲ್ಲಿ ಒತ್ತುತ್ತದೆಂದು ಉದ್ದದಲ್ಲಿ ದೊಡ್ಡ ಬೂಟು ಕೇಳಬೇಡಿ, ಅದೇ ಉದ್ದದ ಅಗಲದ ಮಾದರಿ ಕೇಳಿ.

ಬಾಡಿಗೆ ಅಂಗಡಿಯಲ್ಲಿ

ಗುಲ್ಮಾರ್ಗ್ ಸುಮಾರು 2,650 ಮೀಟರ್ ಎತ್ತರದಲ್ಲಿದೆ, ಗೊಂಡೊಲಾ ಎಂಬ ಕೇಬಲ್ ಕಾರ್ ಅಫರ್ವಟ್ ಬೆಟ್ಟದ ಮೇಲೆ ಹೆಚ್ಚುಕಡಿಮೆ 4,000 ಮೀಟರ್‌ವರೆಗೆ ಒಯ್ಯುತ್ತದೆ. ಹೊಸಬರಲ್ಲಿ ಹೆಚ್ಚಿನವರು ಬಾಡಿಗೆಯ ಬೂಟಿನಲ್ಲೇ ಕಲಿಯುತ್ತಾರೆ. ಬೆಳಿಗ್ಗೆ ಅಂಗಡಿಯಲ್ಲಿ ನೂಕುನುಗ್ಗಲು, ಕೈಗೆ ಸಿಕ್ಕಿದ್ದನ್ನು ಹಾಕಿಕೊಂಡು ಓಡುವ ಅವಸರ. ಸಾಧ್ಯವಾದರೆ ಹಿಂದಿನ ಸಂಜೆಯೇ ಹೋಗಿ ಆರಿಸಿಕೊಳ್ಳಿ.

ಮೊದಲು ಲೈನರನ್ನು ಹೊರಗೆಳೆಯಿರಿ. ಖಾಲಿ ಶೆಲ್‌ನೊಳಗೆ ಕಾಲಿಟ್ಟು ಬೆರಳನ್ನು ಮುಂದಿನ ಗೋಡೆಗೆ ಹಗುರಾಗಿ ತಾಕಿಸಿ, ಹಿಮ್ಮಡಿಯ ಹಿಂದೆ ಎಷ್ಟು ಜಾಗ ಉಳಿದಿದೆ ನೋಡಿ. ಒಂದೂವರೆಯಿಂದ ಎರಡು ಸೆಂಟಿಮೀಟರ್ ಇದ್ದರೆ ಹೊಸಬರಿಗೆ ಹೇಳಿ ಮಾಡಿಸಿದ ಅಳತೆ. ಮೂರರ ಹತ್ತಿರ ಬಂದರೆ ಬೂಟು ದೊಡ್ಡದು. 26 ಮತ್ತು 26.5ಕ್ಕೆ ಸಾಮಾನ್ಯವಾಗಿ ಶೆಲ್ ಒಂದೇ, ಹಾಗಾಗಿ ಅರ್ಧ ನಂಬರ್ ಹೆಚ್ಚಿಸಿಕೊಂಡು ಲಾಭವಿಲ್ಲ.

ಲೈನರ್ ಮತ್ತೆ ಕೂರಿಸಿ ಕಾಲಿಡಿ, ಹಿಮ್ಮಡಿಯನ್ನು ನೆಲಕ್ಕೆ ಕುಟ್ಟಿ ಹಿಂದಕ್ಕೆ ಸರಿಸಿ, ಆಮೇಲೆ ಬಕಲ್ ಹಾಕಿ. ಹೊಸಬರು ಬಹುತೇಕ ಎಡವುವುದು ಇಲ್ಲೇ. ಧಾರವಾಡ ಕಡೆಯ ಅಣ್ಣ ತಂಗಿ ಒಮ್ಮೆ ಬಾಡಿಗೆ ಅಂಗಡಿಯ ಬೆಂಚಿನ ಮೇಲೆ ಕೂತು ಆಡಿದ ಮಾತು ನನ್ನ ಕಿವಿಗೆ ಬಿತ್ತು.

"ಅಣ್ಣಾ, ಬೆರಳು ಮುಂದ ತಾಕ್ಲಿಕ್ಕತ್ತಾವು. ಒಂದ್ ನಂಬರ್ ದೊಡ್ಡದು ಕೇಳು."

"ನೆಟ್ಟಗ ನಿಂತೀ ಅಂತ ತಾಕತಾವು. ಮೊಣಕಾಲು ಬಗ್ಗಿಸಿ ಮುಂದ ವಾಲು, ಈಗ ಹೇಳು."

"ಹೌದಲ್ಲಾ! ಹಿಂದ ಸರದ್ವು."

ಇದಕ್ಕಿಂತ ಚೆನ್ನಾಗಿ ಯಾವ ಕೈಪಿಡಿಯೂ ಹೇಳಲಾರದು. ನೆಟ್ಟಗೆ ನಿಂತಾಗ ಬೆರಳು ತಾಕಬೇಕು, ಮುಂದೆ ವಾಲಿದಾಗ ಹಿಮ್ಮಡಿ ಹಿಂದಕ್ಕೆ ಕೂತು ಬೆರಳಿಗೆ ಉಸಿರಾಡಲು ಜಾಗ ಸಿಗಬೇಕು, ವಾಲಿದಾಗ ಹಿಮ್ಮಡಿ ಮೇಲೇಳಬಾರದು. ಬಳೆಗಾರ ಕೈ ಅಮುಕಿ ತೊಡಿಸುವ ಬಳೆಯ ಹಾಗೆ, ಏರುವಾಗ ಬಿಗಿ, ಏರಿದ ಮೇಲೆ ಹಾಯಿ. ಇಡೀ ಪಾದವನ್ನು ಯಾರೋ ಕೈಯಲ್ಲಿ ಹಿಡಿದಂಥ ಬಿಗಿ ಒಳ್ಳೆಯದು. ಒಂದೇ ಜಾಗದಲ್ಲಿ ಚುಚ್ಚುವ ನೋವು, ಜೋಮು ಒಳ್ಳೆಯದಲ್ಲ. ಹತ್ತು ಹದಿನೈದು ನಿಮಿಷ ಹಾಕಿಕೊಂಡೇ ಓಡಾಡಿದರೆ ಎರಡರ ವ್ಯತ್ಯಾಸ ತಾನಾಗಿ ತಿಳಿಯುತ್ತದೆ.

ಬೂಟಿನ ಮೇಲೆ ಫ್ಲೆಕ್ಸ್ ಎಂಬ ಅಂಕಿಯೂ ಇರುತ್ತದೆ. ಮುಂದಕ್ಕೆ ಬಗ್ಗಲು ಬೂಟು ಎಷ್ಟು ಗಡುಸು ಎಂಬುದರ ಸೂಚನೆ ಅದು. ಹೊಸಬರಿಗೆ ಸುಮಾರು 60ರಿಂದ 90 ಸಾಕು, ಪಳಗಿದವರು 120, 130ಕ್ಕೂ ಹೋಗುತ್ತಾರೆ. ಕಂಪನಿಯಿಂದ ಕಂಪನಿಗೆ ಈ ಅಂಕಿ ಬೇರೆಯಾಗುತ್ತದೆ, ಚಳಿಗೆ ಪ್ಲಾಸ್ಟಿಕ್ ಇನ್ನೂ ಗಡುಸಾಗುತ್ತದೆ. ಅಂಕಿಗಿಂತ ನಿಮ್ಮ ಮೊಣಕಾಲನ್ನು ನಂಬಿ: ಅದು ಸಲೀಸಾಗಿ ಬಗ್ಗಬೇಕು. ಹೆಂಗಸರ ಮೀನಖಂಡ ತುಸು ಕೆಳಗೇ ಶುರುವಾಗುವುದರಿಂದ ಅವರಿಗೆಂದೇ ಮಾಡಿದ ಗಿಡ್ಡ ಕಂಠದ ಬೂಟು ಸಿಗುತ್ತದೆ, ಕೇಳಿ ಪಡೆಯಿರಿ. ಮಕ್ಕಳಿಗೆ ಮುಂದಿನ ವರ್ಷಕ್ಕೂ ಆಗಲಿ ಎಂದು ದೊಡ್ಡದು ಕೊಡಿಸಬೇಡಿ.

ಸಾಕ್ಸ್ ಒಂದೇ ಜೊತೆ ಸಾಕು. ಮೊಣಕಾಲವರೆಗೆ ಬರುವ, ತೆಳುವಾದ, ಸುಕ್ಕಿಲ್ಲದ್ದು. ಚಳಿಗೆಂದು ಎರಡು ಜೊತೆ ಹಾಕಿದರೆ ಒತ್ತಡ ಹೆಚ್ಚಿ ರಕ್ತ ಸರಿಯಾಗಿ ಇಳಿಯದೆ ಪಾದ ಇನ್ನೂ ತಣ್ಣಗಾಗುತ್ತದೆ. ಥರ್ಮಲ್ ಪ್ಯಾಂಟಿನ ಅಂಚನ್ನೂ ಬೂಟಿನೊಳಗೆ ತುರುಕಬೇಡಿ, ಆ ಮಡಿಕೆಯೇ ಸಂಜೆಯ ಹೊತ್ತಿಗೆ ಗಾಯವಾಗುತ್ತದೆ.

ಹಿಮವಿಲ್ಲದ ನಾಡಿನಿಂದ

ಕೊಡಗಿನ ತೆಕ್ಕಡ ಭವಾನಿ ನಂಜುಂಡ ಖೇಲೋ ಇಂಡಿಯಾ ವಿಂಟರ್ ಗೇಮ್ಸ್‌ನಲ್ಲಿ ಕರ್ನಾಟಕಕ್ಕೆ ಚಿನ್ನ ಗೆದ್ದವರು. 2025ರಲ್ಲಿ ಚಿಲಿಯಲ್ಲಿ ನಡೆದ ಅಂತರರಾಷ್ಟ್ರೀಯ ಕ್ರಾಸ್ ಕಂಟ್ರಿ ಸ್ಕೀಯಿಂಗ್ ಸ್ಪರ್ಧೆಯ 5 ಕಿ.ಮೀ. ವಿಭಾಗದಲ್ಲಿ ಕಂಚು ತಂದರು. ಅವರ ಕ್ರೀಡೆಯ ಬೂಟೇ ಬೇರೆ: ಹಗುರ, ಮೆದು, ಬೈಂಡಿಂಗ್‌ಗೆ ಸೇರುವುದು ಬೆರಳ ಬಳಿ ಮಾತ್ರ, ಹಿಮ್ಮಡಿ ಏಳುತ್ತಲೇ ಇರುತ್ತದೆ. ಆಲ್ಪೈನ್‌ನಲ್ಲಿ ಹಿಮ್ಮಡಿಗೆ ಬೀಗ, ಕ್ರಾಸ್ ಕಂಟ್ರಿಯಲ್ಲಿ ಅದಕ್ಕೆ ಬಿಡುಗಡೆ. ಅಂಗಡಿಯಲ್ಲಿ ಯಾವುದು ಬೇಕೆಂದು ಬಿಡಿಸಿ ಹೇಳಬೇಕಾದದ್ದು ಇದಕ್ಕೇ.

ಹಿಮ ಬೀಳದ ಊರಿನವರಿಗೆ ಇದೆಲ್ಲ ಒಗ್ಗದು ಎಂಬ ಮಾತನ್ನು ಭವಾನಿ ಸುಳ್ಳು ಮಾಡಿದ್ದಾರೆ. ಆದರೂ ಮೊದಲ ದಿನ ಹತ್ತು ಸಲ ಬಿದ್ದು, ಕಾಲು ನೋಯಿಸಿಕೊಂಡು, ಇದು ನಮ್ಮಂಥವರ ಆಟವಲ್ಲ ಎಂದು ಸ್ಕೀ ಬಿಚ್ಚಿಡುವವರು ಬಹಳ. ಅವರಲ್ಲಿ ಎಷ್ಟೋ ಜನರ ಕಾಲಲ್ಲಿ ದೋಷವಿರುವುದಿಲ್ಲ, ಧೈರ್ಯಕ್ಕೂ ಕೊರತೆಯಿರುವುದಿಲ್ಲ. ಬೂಟು ಒಂದೂವರೆ ಸೆಂಟಿಮೀಟರ್ ದೊಡ್ಡದಾಗಿರುತ್ತದೆ, ಅಷ್ಟೇ. ಸರಿಯಿಲ್ಲದ ಬೂಟನ್ನು ಎರಡನೇ ಸಲವೂ ಮೂರನೇ ಸಲವೂ ಹಿಂದಿರುಗಿಸಿ ಬೇರೆ ಕೇಳಿ. ಕೊಟ್ಟ ಬಾಡಿಗೆಯಲ್ಲಿ ಆ ಹಕ್ಕೂ ಸೇರಿದೆ, ಸಂಕೋಚ ಬೇಡ. ನಿಮ್ಮ ಅಳತೆಯ ಬೂಟಿನಲ್ಲಿ ಒಂದು ದಿನ ಪೂರ್ತಿ ಜಾರಿದ ಮೇಲೆ, ಈ ಆಟ ನಿಮಗೆ ಸೇರುತ್ತದೋ ಇಲ್ಲವೋ ತೀರ್ಮಾನಿಸಿ.