ಐದು ಮನೆಯೋ, ಏಳು ಮನೆಯೋ? ಚೌಕಾಬಾರದ ನಿಯಮಗಳ ಲೆಕ್ಕಾಚಾರ

ವಿಶಾಖಪಟ್ಟಣ: ಹೊರನಾಡಿನ ಕನ್ನಡ ಸಂಘಗಳು ಯುಗಾದಿಗೋ ರಾಜ್ಯೋತ್ಸವಕ್ಕೋ ಒಳಾಂಗಣ ಆಟಗಳ ಸ್ಪರ್ಧೆ ಏರ್ಪಡಿಸಿದಾಗ ಕೇರಂ, ಚೆಸ್‌ಗಳ ಬಗ್ಗೆ ತಕರಾರು ಏಳುವುದಿಲ್ಲ. ಅವುಗಳ ನಿಯಮ ಅಚ್ಚಾಗಿ ಸಿಗುತ್ತದೆ. ಚೌಕಾಬಾರದ ಮಾತು ಬಂದರೆ ಮಾತ್ರ ಒಬ್ಬೊಬ್ಬರ ಅಜ್ಜಿಯ ಮನೆಯದು ಒಂದೊಂದು ಕಾನೂನು. ಕಾಯಿ ಹೊಡೆಯದೆ ಒಳಮನೆಗೆ ಹೋಗಬಹುದೇ? ಗಟ್ಟಿ ಕಟ್ಟಬಹುದೇ? ಮೊದಲ ಕಾಯಿ ಇಳಿಯಲು ಚೌಕವೋ ಬಾರವೋ ಬೀಳಲೇಬೇಕೇ? ಆಂಧ್ರದಲ್ಲಿ ನೆಲೆಸಿದವರಿಗೆ ಇನ್ನೊಂದು ತೊಡಕೂ ಉಂಟು. ಪಕ್ಕದ ತೆಲುಗು ಮನೆಯಲ್ಲಿ ಇದೇ ಆಟ ಅಷ್ಟಾ ಚಮ್ಮಾ. ನಾವು ಚೌಕ ಎನ್ನುವ ನಾಲ್ಕು ಅವರಿಗೆ ಚಮ್ಮ, ನಾವು ಬಾರ ಎನ್ನುವ ಎಂಟು ಅವರಿಗೆ ಅಷ್ಟ. 2008ರಲ್ಲಿ ಇದೇ ಹೆಸರಿನ ತೆಲುಗು ಚಲನಚಿತ್ರ ಬಂದ ಮೇಲೆ ಆಟ ಆಡದವರಿಗೂ ಹೆಸರು ಪರಿಚಯವಾಯಿತು.

ಮೊದಲು ಹಾಸಿನ ಲೆಕ್ಕ. ಐದು ಮನೆಯ ಹಾಸಿನಲ್ಲಿ 25 ಮನೆಗಳು. ಕಾಯಿ ಹೊರಸುತ್ತಿನ 16 ಮನೆಗಳನ್ನು ದಾಟಿ, ದಿಕ್ಕು ಬದಲಿಸಿ ಒಳಸುತ್ತಿನ 8 ಮನೆಗಳನ್ನು ಸುತ್ತಿ ನಡುಮನೆಯಲ್ಲಿ ಹಣ್ಣಾಗುತ್ತದೆ. ತನ್ನ ಕಟ್ಟೆಯಿಂದ ಎಣಿಸಿದರೆ 24 ಹೆಜ್ಜೆ. ಏಳು ಮನೆಯ ಹಾಸಿನಲ್ಲಿ 49 ಮನೆಗಳು, 48 ಹೆಜ್ಜೆ. ಹಾಸು ಪ್ರತಿ ಪಕ್ಕದಲ್ಲಿ ಎರಡೇ ಮನೆ ಬೆಳೆದರೂ ದಾರಿ ಇಮ್ಮಡಿಯಾಗುತ್ತದೆ.

ಇನ್ನು ಕವಡೆ. ನಾಲ್ಕು ಕವಡೆಗಳು ಮಗುಚಿ ಅಥವಾ ಅಂಗಾತ ಬೀಳುವ ಸಾಧ್ಯತೆ ಸಮ ಎಂದಿಟ್ಟುಕೊಂಡರೆ ಒಟ್ಟು 16 ಬಗೆಯಲ್ಲಿ ಬೀಳಬಹುದು. ಅವುಗಳಲ್ಲಿ ಎರಡು ಬರುವುದು 6 ಸಲ, ಒಂದು ಮತ್ತು ಮೂರು ತಲಾ 4 ಸಲ, ಚೌಕ ಒಂದು ಸಲ, ಬಾರ ಒಂದು ಸಲ. ಸರಾಸರಿ ಒಂದು ಗರಕ್ಕೆ ಎರಡೂವರೆ ಹೆಜ್ಜೆ. ಐದು ಮನೆಯಲ್ಲಿ ಒಂದು ಕಾಯಿ ಹಣ್ಣಾಗಲು ಸುಮಾರು 10 ಗರ ಸಾಕು, ಏಳು ಮನೆಯಲ್ಲಿ 19-20 ಬೇಕು. ಅದಕ್ಕೇ ದೊಡ್ಡ ಹಾಸಿಗೆ ಆರು ಕವಡೆ ಹಿಡಿಯುವ ರೂಢಿ ಇರುವುದು. ಸಮುದ್ರದ ಕವಡೆಯ ಬೆನ್ನು ಹೊಟ್ಟೆಗಳು ಸಮವಲ್ಲದ್ದರಿಂದ ನಿಜವಾದ ಆಟದಲ್ಲಿ ಈ ಅಂಕಿಗಳು ಸ್ವಲ್ಪ ಆಚೀಚೆ ಆಗುತ್ತವೆ. ಒಂದು ಬದಿ ತೇಯ್ದ ಹುಣಸೆ ಬೀಜಗಳ ಸ್ವಭಾವ ಇನ್ನೂ ಬೇರೆ. (ತೆಲುಗಿನಲ್ಲಿ ಗವ್ವಲು ಎಂದರೆ ಕವಡೆಯೂ ಹೌದು, ಬೆಲ್ಲದ ಪಾಕದ ಒಂದು ಸಿಹಿತಿಂಡಿಯೂ ಹೌದು. ಕೇಳುವಾಗ ಎಚ್ಚರ.)

ಈ ಲೆಕ್ಕ ಹಿಡಿದು ನಿಯಮಗಳನ್ನು ತೂಗಬಹುದು. ಚೌಕ ಅಥವಾ ಬಾರ ಬಿದ್ದ ಮೇಲೆಯೇ ಮೊದಲ ಕಾಯಿ ಇಳಿಯಬೇಕೆಂಬ ನಿಯಮದಲ್ಲಿ ಎಂಟು ಗರಕ್ಕೆ ಒಂದು ಗರವಷ್ಟೇ ಬಾಗಿಲು ತೆರೆಯುತ್ತದೆ. ಅಲ್ಲಿಯವರೆಗೆ ಮಗು ಸುಮ್ಮನೆ ಕೂರಬೇಕು. ಇದರಲ್ಲಿ ಜಾಣ್ಮೆ ಏನೂ ಇಲ್ಲ, ಇದನ್ನು ಬಿಡುವುದೇ ಲೇಸು. ಗಟ್ಟಿ ಹಾಗಲ್ಲ. ಎರಡು ಕಾಯಿ ಜೋಡಿಯಾಗಿ ನಡೆಯುವುದು, ಸಮಸಂಖ್ಯೆಯ ಗರಕ್ಕೆ ಮಾತ್ರ ಅರ್ಧದಷ್ಟು ಮುಂದಕ್ಕೆ ಹೋಗುವುದು, ಗಟ್ಟಿಯನ್ನು ಗಟ್ಟಿಯೇ ಹೊಡೆಯಬೇಕು ಎಂಬುದು ನುರಿತವರಿಗೆ ಹಬ್ಬ. ಆದರೆ ಹತ್ತು ವರ್ಷದ ಹುಡುಗನಿಗೆ ವಿವರಿಸುವಷ್ಟರಲ್ಲಿ ಊಟದ ಗಂಟೆ ಆಗುತ್ತದೆ. ಮಕ್ಕಳ ವಿಭಾಗದಲ್ಲಿ ಬಿಟ್ಟು ಹಿರಿಯರ ವಿಭಾಗದಲ್ಲಿ ಇಟ್ಟುಕೊಳ್ಳಬಹುದು.

ಕೈ ಹಚ್ಚಬಾರದ ನಿಯಮ ಒಂದಿದೆ. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಪ್ರವೇಶವಿಲ್ಲ ಎಂಬುದು. ಸಮಯ ಉಳಿಸಲು ಹಲವರು ಮೊದಲು ಕತ್ತರಿಸುವುದು ಇದನ್ನೇ. ಕತ್ತರಿಸಿದರೆ ಕಟ್ಟೆಯಿಂದ ಕಟ್ಟೆಗೆ ಹಾರಿ ತಪ್ಪಿಸಿಕೊಂಡು ಓಡುವವನೇ ಗೆಲ್ಲುತ್ತಾನೆ. ಉಳಿಸಿಕೊಂಡರೆ ಅವನೂ ಕಟ್ಟೆ ಬಿಟ್ಟು ಬಯಲಿಗೆ ಬರಲೇಬೇಕು, ಯಾವ ಕಾಯಿಯನ್ನು ಪಣಕ್ಕೆ ಒಡ್ಡಲಿ ಎಂದು ಯೋಚಿಸಬೇಕು. ಆಟ ಇರುವುದೇ ಅಲ್ಲಿ.

ಸರಳಗೊಳಿಸುವ ಭರದಲ್ಲಿ ಏನು ಹೋಗುತ್ತದೆ ಎನ್ನುವುದಕ್ಕೆ ಪಚ್ಚೀಸಿಯೇ ಸಾಕ್ಷಿ. ನಾಲ್ವರು ಇಬ್ಬಿಬ್ಬರ ಜೋಡಿಯಾಗಿ ಆಡುತ್ತಿದ್ದ ಆ ಆಟಕ್ಕೆ ಇಂಗ್ಲೆಂಡಿನಲ್ಲಿ ಕವಡೆ ತೆಗೆದು ಒಂದೇ ದಾಳ ಕೊಟ್ಟರು. 1896ರಲ್ಲಿ ಲೂಡೋ ಎಂಬ ಹೆಸರಿನಲ್ಲಿ ಅದಕ್ಕೆ ಪೇಟೆಂಟ್ ಆಯಿತು. ಮಕ್ಕಳಿಗೆ ಐದು ನಿಮಿಷದಲ್ಲಿ ಬಂತು, ಜಗತ್ತೆಲ್ಲ ಹರಡಿತು. ಜೋಡಿಯವನಿಗಾಗಿ ತನ್ನ ಕಾಯಿ ತಡೆದು ನಿಲ್ಲುವ ಉಪಾಯ ಮಾತ್ರ ಹೋಯಿತು.

ಇದಕ್ಕೆ ತದ್ವಿರುದ್ಧದ ಉದಾಹರಣೆ ಮೈಸೂರಿನ ಅರಮನೆಯದು. 1868ರಲ್ಲಿ ತೀರಿಕೊಂಡ ಮುಮ್ಮಡಿ ಕೃಷ್ಣರಾಜ ಒಡೆಯರು ಹಾಸುಗಳನ್ನೂ ಗಂಜೀಫಾ ಎಲೆಗಳನ್ನೂ ಸ್ವತಃ ರೂಪಿಸಿದವರು. ಅವರ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಭಾಗದಲ್ಲಿ ಇವುಗಳ ವಿವರವಿದೆ. ಸಾಮಾನ್ಯ ದಶಾವತಾರ ಗಂಜೀಫಾಕ್ಕೆ 120 ಎಲೆ. ಒಡೆಯರ ಕೃಷ್ಣರಾಜ ಛದಕ್ಕೆ 18 ವರ್ಗ, 360 ಎಲೆ! ನೋಡಲು ಅಪೂರ್ವ. ಆದರೆ ಅಷ್ಟು ಎಲೆ ನೆನಪಿಟ್ಟು ಆಡುವವರು ಅರಮನೆಯ ಹೊರಗೆ ಸಿಗುವುದು ಹೇಗೆ? ಇಂದು ಅದು ಕಲಾಭಿಮಾನಿಗಳ ಸೊತ್ತು.

ಈ ಹಗ್ಗಜಗ್ಗಾಟ ನಮ್ಮದೊಂದೇ ಅಲ್ಲ. ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬವರು 1974ರಲ್ಲಿ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನಲ್ಲಿ ಆಟಗಾರರು ವೀರ, ಮಾಂತ್ರಿಕ, ಕಳ್ಳ ಮುಂತಾದ ಪಾತ್ರ ವಹಿಸಿ ಬಾಯಲ್ಲೇ ಕಥೆ ನಡೆಸುತ್ತಾರೆ. ಗೆಲುವು ಸೋಲು ದಾಳದ್ದು. ಅದರ ನಿಯಮ ಪುಸ್ತಕಗಳು ದಪ್ಪವಾಗುತ್ತ ಹೋದವು. ಕವಚ ಬಲವಾದಷ್ಟೂ ಅಂಕಿ ಇಳಿಯುವ ಹಳೆಯ ವಿಚಿತ್ರ ಪದ್ಧತಿಯನ್ನು 2000ದ ಆವೃತ್ತಿಯಲ್ಲಿ ತಿರುಗಿಸಿ, ಬಲ ಹೆಚ್ಚಿದಂತೆ ಅಂಕಿ ಏರುವಂತೆ ಮಾಡಿದರು. 2008ರ ಆವೃತ್ತಿ ಆಟದ ಚಹರೆಯನ್ನೇ ಬದಲಿಸಿತೆಂದು ಮುನಿದವರು ಹಲವರು. ಹಳೆಯ ನಿಯಮಗಳ ಮೇಲೆಯೇ 2009ರಲ್ಲಿ ‘ಪಾಥ್‌ಫೈಂಡರ್’ ಎಂಬ ಪ್ರತಿಸ್ಪರ್ಧಿ ಆಟ ಬಂದಾಗ ಅವರು ಅತ್ತ ಹೊರಟರು. 2014ರಲ್ಲಿ ಚಿಲ್ಲರೆ ಕೂಡು-ಕಳೆಗಳನ್ನು ಬಹಳಷ್ಟು ಕೈಬಿಟ್ಟು, ಅನುಕೂಲ ಇದ್ದವನು 20 ಮುಖದ ದಾಳವನ್ನು ಎರಡು ಸಲ ಎಸೆದು ದೊಡ್ಡದನ್ನು ಇಟ್ಟುಕೊಳ್ಳಲಿ ಎಂದರು. 11 ಅಥವಾ ಅದಕ್ಕಿಂತ ಹೆಚ್ಚು ಬೇಕಿದ್ದರೆ ಒಂದು ಎಸೆತಕ್ಕೆ ಶೇ. 50, ಎರಡು ಎಸೆತಕ್ಕೆ ಶೇ. 75. ಪುಸ್ತಕ ತಿರುವದೆ ಮಗುವಿಗೂ ತಿಳಿಯುವ ಲಾಭ. ಸರಳಗೊಳಿಸುವುದೆಂದರೆ ಹೀಗಿರಬೇಕು: ಲೆಕ್ಕ ಇಳಿಯಬೇಕು, ಯೋಚನೆ ಉಳಿಯಬೇಕು.

ವಿಜಯವಾಡ, ವಿಶಾಖಪಟ್ಟಣಗಳ ಸಂಘಗಳಿಗೆ ಸಾಮಗ್ರಿಯ ಚಿಂತೆಯಂತೂ ಬೇಡ. ವಿಜಯವಾಡದ ಮಗ್ಗುಲಲ್ಲೇ ಪೊಣಿಕಿ ಮರದ ಬೊಂಬೆಗಳ ಕೊಂಡಪಲ್ಲಿ ಇದೆ. ವಿಶಾಖಪಟ್ಟಣದಿಂದ ಹೋಗಿಬರುವಷ್ಟು ದೂರದಲ್ಲಿ, ಈಗಿನ ಅನಕಾಪಲ್ಲಿ ಜಿಲ್ಲೆಯಲ್ಲಿ, ವರಾಹ ನದಿಯ ದಡದ ಏಟಿಕೊಪ್ಪಾಕ ಇದೆ. ನಮ್ಮ ಚನ್ನಪಟ್ಟಣದಂತೆಯೇ ಅಲ್ಲಿಯೂ ಮರವನ್ನು ಕಡೆದು ಅರಗಿನ ಬಣ್ಣ ಹಚ್ಚುತ್ತಾರೆ. ಒಂದು ಹಾಸಿಗೆ ನಾಲ್ಕು ಬಣ್ಣದ ತಲಾ ನಾಲ್ಕರಂತೆ 16 ಕಾಯಿ ಬೇಕು. ಸ್ಪರ್ಧೆಗೆ ಐದು ಮನೆಯ ಹಾಸೇ ಇರಲಿ, ಏಳು ಮನೆ ದಸರೆಯ ರಜೆಗೆ. ನಿಯಮಗಳನ್ನು ಆಟಕ್ಕೆ ಮೊದಲೇ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಬೇಕು. ಅದರಲ್ಲಿ ಚೌಕದ ಪಕ್ಕ ಚಮ್ಮ, ಬಾರದ ಪಕ್ಕ ಅಷ್ಟ ಎಂದೂ ಇರಲಿ, ಮಕ್ಕಳ ತೆಲುಗು ಸ್ನೇಹಿತರೂ ಬಂದು ಕೂರುತ್ತಾರೆ.