ಮಗು ಶಾಲೆಗೆ ಬಾರದಿದ್ದಾಗ...

ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಮಾತು. ನನ್ನ ಎಂಟನೇ ತರಗತಿಯ ಹುಡುಗನೊಬ್ಬ ದೀಪಾವಳಿ ರಜೆ ಮುಗಿದರೂ ಶಾಲೆಗೆ ಬರಲಿಲ್ಲ. ಎರಡು ವಾರ ಹಾಜರಿ ಪುಸ್ತಕದಲ್ಲಿ ಗೈರು ಹಾಕಿದೆ. ಆಮೇಲೆ ಕೆಂಪು ಶಾಯಿಯಲ್ಲಿ 'ದೀರ್ಘ ಗೈರು' ಎಂದು ಬರೆದು ಸುಮ್ಮನಾದೆ. ಮೂರು ವರ್ಷಗಳ ನಂತರ ಬಸ್ ನಿಲ್ದಾಣದಲ್ಲಿ ಅವನೇ ಎದುರಾದ. ಅಪ್ಪ ಪಡೆದಿದ್ದ ಮುಂಗಡ ತೀರಿಸಲು ದೂರದ ಊರಿನ ಬೇಕರಿಯೊಂದರಲ್ಲಿ ದುಡಿಯುತ್ತಿದ್ದನಂತೆ. ಮುಂಗೈ ತುಂಬ ಸುಟ್ಟ ಕಲೆಗಳು. "ಯಾರಾದ್ರೂ ಮನೆಗೆ ಬಂದು ಕೇಳ್ತೀರಿ ಅಂದ್ಕೊಂಡಿದ್ದೆ ಸಾರ್" ಎಂದ. ನಾನು ಕೇಳಿರಲಿಲ್ಲ.

ಮಕ್ಕಳು ಒಂದೇ ದಿನದಲ್ಲಿ ಶೋಷಕರ ಕೈಗೆ ಸಿಗುವುದು ಅಪರೂಪ. ಜ್ವರ ಬರುವ ಮುನ್ನ ಮೈಕೈ ನೋಯುವ ಹಾಗೆ ಇಲ್ಲಿಯೂ ಮುನ್ಸೂಚನೆಗಳುಂಟು. ವಾರಕ್ಕೆರಡು ದಿನ ಗೈರು, ಇದ್ದಕ್ಕಿದ್ದಂತೆ ಬಿದ್ದುಹೋದ ಓದು, ಯಾರೋ ಕೊಡಿಸಿದ ಹೊಸ ಮೊಬೈಲ್, ಫೋಟೋ ತೋರಿಸಿ ಹೆದರಿಸುವ 'ಸ್ನೇಹಿತ', ಪಟ್ಟಣದಲ್ಲಿ ಕೆಲಸದ ಜೊತೆಗೆ ಓದನ್ನೂ ಕೊಡಿಸುವೆನೆಂಬ ದೂರದ 'ನೆಂಟ'. ಇವನ್ನೆಲ್ಲ ಮೊದಲು ಗಮನಿಸಬೇಕಾದವರು ನಾವೇ ಅಲ್ಲವೇ?

ಗಮನಿಸಿದ ಮೇಲೆ ಮಾಡಬೇಕಾದುದೇನು? ಮಕ್ಕಳ ಸಹಾಯವಾಣಿಯ ಸಂಖ್ಯೆ 1098. ಹತ್ತು, ಒಂಬತ್ತು, ಎಂಟು ಎಂದು ಹಿಂದಕ್ಕೆ ಎಣಿಸಿದರೆ ಸಾಕು, ನೆನಪಿರುತ್ತದೆ. 1996ರಲ್ಲಿ ಮುಂಬೈಯಲ್ಲಿ ಬೀದಿಮಕ್ಕಳಿಗಾಗಿ ಆರಂಭವಾದ ಈ ಸೇವೆ ದೇಶವೆಲ್ಲ ಹರಡಿತು. 2023ರಿಂದ ಸರ್ಕಾರವೇ ಇದನ್ನು ನಡೆಸುತ್ತಿದೆ. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಹಣ ಕೊಡಬೇಕಿಲ್ಲ. ಮಗುವೇ ಮಾತನಾಡಬಹುದು, ನೆರೆಯವರೂ ತಿಳಿಸಬಹುದು.

2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ, ರಕ್ಷಣೆಗೆ ತೆಗೆದುಕೊಂಡ ಮಗುವನ್ನು ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಕರೆತರಬೇಕು. ಪ್ರತಿ ಜಿಲ್ಲೆಗೂ ಇಂಥ ಸಮಿತಿ ಉಂಟು. ಅಧ್ಯಕ್ಷರು ಹಾಗೂ ನಾಲ್ವರು ಸದಸ್ಯರಲ್ಲಿ ಕನಿಷ್ಠ ಒಬ್ಬರು ಮಹಿಳೆಯಾಗಿರಬೇಕು. ಸಮಿತಿಯು ಮಗುವಿನ ಮನೆಯ ಸ್ಥಿತಿಯನ್ನು ವಿಚಾರಿಸಿ ವರದಿ ತರಿಸಿಕೊಳ್ಳುತ್ತದೆ. ತಿಳಿವಳಿಕೆ ಬಂದ ಮಗುವಾದರೆ ಅದರ ಇಷ್ಟವನ್ನೂ ಪರಿಗಣಿಸುತ್ತದೆ.

"ಫೋನ್ ಮಾಡಿದರೆ ಮಗುವನ್ನೇ ಕಿತ್ತುಕೊಂಡು ಹೋಗುತ್ತಾರೆ" ಎಂಬ ಭಯ ಅನೇಕ ತಂದೆತಾಯಿಯರಿಗಿದೆ. ಆದರೆ ಬಾಲಮಂದಿರವು ಕೊನೆಯ ಆಯ್ಕೆಯಾಗಿರಬೇಕು, ಸಾಧ್ಯವಾದರೆ ಮಗು ಕುಟುಂಬದಲ್ಲೇ ಬೆಳೆಯಬೇಕು ಎನ್ನುವುದು ಈ ಕಾಯ್ದೆಯ ಮೂಲತತ್ವ. ಬಡತನವೇ ಕಾರಣವಾದರೆ, ಅರ್ಹ ಮಗುವಿಗೆ ಮಿಷನ್ ವಾತ್ಸಲ್ಯ ಯೋಜನೆಯಡಿ ತಿಂಗಳಿಗೆ 4,000 ರೂಪಾಯಿ ನೆರವೂ ಸಿಗಬಹುದು. ಕರೆ ಮಾಡಿದವರ ಹೆಸರನ್ನು ಗುಟ್ಟಾಗಿಡುತ್ತಾರೆ.

ಎರಡು ವರ್ಷಗಳ ಹಿಂದೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಊಟದ ಬಿಡುವಿನಲ್ಲಿ ಬಂದು, "ಸಾರ್, ಹೇಳಬೇಡ ಅಂದಿದ್ದಾಳೆ, ಆದ್ರೂ ಹೇಳ್ತೀನಿ" ಎಂದಳು. ಅವಳ ಗೆಳತಿಯನ್ನು ಮನೆಗೆಲಸಕ್ಕೆಂದು ಪಟ್ಟಣಕ್ಕೆ ಕಳಿಸುವ ಏರ್ಪಾಡಾಗಿತ್ತು; ಮುಂಗಡವೂ ಕೈಸೇರಿತ್ತು. ಈ ಬಾರಿ ನಾನು ತಡ ಮಾಡಲಿಲ್ಲ. ಶಾಲೆಯ ಆವರಣದಿಂದಲೇ 1098ಕ್ಕೆ ಫೋನ್ ಮಾಡಿದೆ. ಸಂಜೆಯೊಳಗೆ ಸಿಬ್ಬಂದಿ ಬಂದರು. ತಾಯಿ ಮೊದಲು ರೇಗಿದರು, ಆಮೇಲೆ ಅತ್ತರು. ಸಮಿತಿಯು ಹುಡುಗಿಯನ್ನು ಅಜ್ಜಿಯ ಮನೆಯಲ್ಲಿರಿಸಿ ಓದು ಮುಂದುವರಿಸಲು ಅನುಕೂಲ ಮಾಡಿತು. ಆಕೆ ಎಸ್ಸೆಸ್ಸೆಲ್ಸಿ ಮುಗಿಸಿದ್ದಾಳೆ.

ವಿದ್ಯಾರ್ಥಿಗಳೇ, ಗೆಳೆಯರ ಗುಟ್ಟು ಕಾಪಾಡುವುದು ಒಳ್ಳೆಯ ಗುಣವೇ. ಆದರೆ ಗೆಳೆಯನಿಗೆ ಅಪಾಯ ತರುವ ಗುಟ್ಟನ್ನು ನಂಬಿಕೆಯ ಹಿರಿಯರೊಬ್ಬರಿಗೆ ಹೇಳಲೇಬೇಕು. ಅದು ಚಾಡಿಯಲ್ಲ. ತಂದೆತಾಯಿಯರೇ, ಮಕ್ಕಳು ಹೇಳಲು ಬಂದಾಗ ಮೊದಲು ಬೈಯಬೇಡಿ, ಪೂರ್ತಿ ಕೇಳಿ.

ನನ್ನ ಮಟ್ಟಿಗೆ ಒಂದು ನಿಯಮ ಮಾಡಿಕೊಂಡಿದ್ದೇನೆ. ಮಗು ಸತತ ಮೂರು ದಿನ ಬಾರದಿದ್ದರೆ, ಆ ಸಂಜೆ ಸೈಕಲ್ ಅದರ ಮನೆಯ ಕಡೆಗೆ ತಿರುಗುತ್ತದೆ. ಹೆಚ್ಚಿನ ಸಲ ಜ್ವರವೋ ಜಾತ್ರೆಯೋ ಆಗಿರುತ್ತದೆ. ಒಂದು ಲೋಟ ಕಾಫಿ ಕುಡಿದು ಬರುತ್ತೇನೆ. ಹಾಗೆ ಬರಿಗೈಯಲ್ಲಿ ಮರಳಿದ ದಿನಗಳೇ ನನಗೆ ನೆಮ್ಮದಿಯ ದಿನಗಳು.