ಹಸಿಯೂಟದಲ್ಲಿ ನಮ್ಮ ಪಾಲು

ಒಲೆ ಹೊತ್ತಿಸದೆ ಊಟವನ್ನು ಮುಗಿಸಬಹುದೆಂಬ ಮಾತು ಗೃಹಿಣಿಯರ ಕಿವಿಗೆ ಇಂಪಾಗಿಯೇ ಕೇಳಬೇಕು. ನಮ್ಮ ಮನೆಯಲ್ಲಿ ಅದು ಹಾಗೆ ಕೇಳಲಿಲ್ಲ. ಮೂರು ವರ್ಷಗಳ ಹಿಂದೆ ಯುಗಾದಿಯ ಮರುದಿನ, “ಇನ್ನು ಮುಂದೆ ಬೆಂದುದನ್ನು ಮುಟ್ಟುವುದಿಲ್ಲ” ಎಂದು ನಾವು ಸಾರಿದಾಗ, ನಮ್ಮ ಮನೆಯವರು ಸೌಟನ್ನು ಕೆಳಗಿಟ್ಟು, “ಹಾಗಾದರೆ ನಿನ್ನೆ ಮಿಕ್ಕ ಹೋಳಿಗೆಯನ್ನು ಯಾರಿಗೆ ಕೊಡಲಿ?” ಎಂದಷ್ಟೇ ಕೇಳಿದರು.

ನಮಗೆ ಈ ಹುಚ್ಚು ಹಿಡಿಯಲು ಕಾರಣವಿಲ್ಲದಿರಲಿಲ್ಲ. ಕುಳಿತು ಮಾಡುವ ಉದ್ಯೋಗ, ಏರುತ್ತಿದ್ದ ತೂಕ, ಊಟವಾದ ಮೇಲೆ ಎದೆಯುರಿ. ಬೆಂಕಿಯು ಅನ್ನದ ಸತ್ವವನ್ನೆಲ್ಲ ಸುಟ್ಟುಬಿಡುತ್ತದೆಂದು ಎಲ್ಲಿಯೋ ಓದಿದೆವು. ಅದಕ್ಕೂ ಮಿಗಿಲಾಗಿ ಗಾಂಧೀಜಿಯವರ ದೃಷ್ಟಾಂತ ನಮ್ಮೆದುರಿಗಿತ್ತು. ಅವರು 1893ರಲ್ಲಿ ದಕ್ಷಿಣ ಆಫ್ರಿಕದಲ್ಲಿದ್ದಾಗಲೇ ಬೇಯಿಸದ ಆಹಾರವನ್ನು ಪರೀಕ್ಷಿಸಿ ದಿನಚರಿ ಬರೆದಿಟ್ಟಿದ್ದರು. 1929ರಲ್ಲಿ ಮತ್ತೆ ಅದನ್ನೇ ಕೈಗೊಂಡರು. ಮೊಳಕೆಯ ಗೋದಿ 8 ತೊಲ, ಅರೆದ ಬಾದಾಮಿ 8 ತೊಲ, ಕುಟ್ಟಿದ ಸೊಪ್ಪು 8 ತೊಲ, 6 ನಿಂಬೆಯ ಹಣ್ಣು, 2 ಔನ್ಸು ಜೇನು: ಇದು ಅವರ ಒಂದು ದಿನದ ಆಹಾರವೆಂದು ‘ಯಂಗ್ ಇಂಡಿಯಾ’ ಪತ್ರಿಕೆಯಲ್ಲಿ ಅವರೇ ಪ್ರಕಟಿಸಿದರು. ನಾವು ಈ ಪಟ್ಟಿಯನ್ನು ಅಂದವಾಗಿ ನಕಲುಮಾಡಿ ಅಡಿಗೆಯ ಮನೆಯ ಗೋಡೆಗೆ ಅಂಟಿಸಿದೆವು.

ಮುಂದಿನ ಕತೆಯನ್ನು ಓದುವ ತಾಳ್ಮೆ ಮಾತ್ರ ನಮಗಿರಲಿಲ್ಲ. ಮೊದಲನೆಯ ಪ್ರಯೋಗವನ್ನು ಅವರು ಎರಡು ವಾರ ತುಂಬುವ ಮುನ್ನವೇ ನಿಲ್ಲಿಸಿದ್ದರು. ಎರಡನೆಯದು ಆಗಸ್ಟಿನಲ್ಲಿ ರಕ್ತಭೇದಿಯಲ್ಲಿ ಮುಗಿದು, ಅವರು ಪುನಃ ಆಡಿನ ಹಾಲಿಗೆ ಮರಳಬೇಕಾಯಿತು. ತಮ್ಮ ಸೋಲನ್ನೂ ಅವರು ಮರೆಮಾಚದೆ ಅದೇ ಪತ್ರಿಕೆಯಲ್ಲಿ ಬರೆದರು. ನಾವು ಗೋಡೆಗೆ ಅಂಟಿಸಿದ್ದು ಅರ್ಧ ಪಾಠವನ್ನು!

ಮೊದಲ ಹದಿನೈದು ದಿನ ದೇಹ ಹಗುರವಾಯಿತು. ಎದೆಯುರಿಯೂ ತಗ್ಗಿತು. ಆ ಉತ್ಸಾಹದಲ್ಲಿ ನಾವು ಕಂಡಕಂಡವರಿಗೆಲ್ಲ ಉಪದೇಶ ಮಾಡಿದೆವು. ಆಗ ಕಾಲೇಜಿನಲ್ಲಿ ಓದುತ್ತಿದ್ದ ಹತ್ತೊಂಬತ್ತು ವರ್ಷದ ನಮ್ಮ ಮಗಳು ತಾನೂ ಈ ವ್ರತವನ್ನು ಹಿಡಿಯುವೆನೆಂದಾಗ ನಮಗಾದ ಹೆಮ್ಮೆ ಅಷ್ಟಿಷ್ಟಲ್ಲ. ಒಂದು ತಿಂಗಳಾಗುವಷ್ಟರಲ್ಲಿ ಹೊಟ್ಟೆಯುಬ್ಬರ ಶುರುವಾಯಿತು. ರಾತ್ರಿ ಹಸಿವಿನಿಂದ ಎಚ್ಚರವಾಗತೊಡಗಿತು. ಅದನ್ನು ಯಾರಿಗೂ ಹೇಳಲಿಲ್ಲ. ಹಿರಿಯ ಅಕ್ಕನ ಮನೆಗೆ ಹೋದಾಗ ಆಕೆ ಬಡಿಸಿದ ಬಿಸಿಬೇಳೆಯನ್ನವನ್ನು ಬದಿಗೆ ಸರಿಸಿ, ಚೀಲದಿಂದ ನಮ್ಮ ನೆನೆಗಾಳಿನ ಡಬ್ಬಿಯನ್ನು ತೆಗೆದೆವು. “ನನ್ನ ಕೈಯೂಟ ನಿನಗೆ ಅಷ್ಟು ಬೇಡವಾಯಿತೇನೋ?” ಎಂದು ಅಕ್ಕ ಒಳಗೆ ಹೋದವಳು ನಾವು ಹೊರಡುವವರೆಗೂ ಈಚೆಗೆ ಬರಲಿಲ್ಲ.

ಅದಕ್ಕಿಂತಲೂ ದೊಡ್ಡ ಪೆಟ್ಟು ಮನೆಯಲ್ಲಿ ಕಾದಿತ್ತು. ಆರನೆಯ ತಿಂಗಳಲ್ಲಿ ಒಂದು ಸಂಜೆ ನಮ್ಮ ಮನೆಯವರು ಎಂದೂ ಇಲ್ಲದ ಬಿಗುವಿನಿಂದ, “ಮಗುವಿಗೆ ಮೂರು ತಿಂಗಳಿಂದ ಮುಟ್ಟು ನಿಂತಿದೆ. ತಲೆಗೂದಲು ಹಿಡಿಹಿಡಿ ಉದುರುತ್ತಿದೆ. ನಿಮ್ಮ ಪ್ರಯೋಗ ನಿಮ್ಮ ಮೈಮೇಲೆ ಇರಲಿ” ಎಂದರು. ಇಂತಹ ವಿಷಯವನ್ನು ಕುಟುಂಬದ ಪತ್ರಿಕೆಯಲ್ಲಿ ಬರೆಯಬಹುದೆ ಎಂದು ಬಹಳ ಯೋಚಿಸಿದೆವು. ಮಗಳೇ ಬರೆಯಿರೆಂದು ಹೇಳಿದ್ದರಿಂದ ಬರೆದಿದ್ದೇವೆ. ಪರೀಕ್ಷಿಸಿದ ವೈದ್ಯೆ ಬೇರೆ ರೋಗವೇನೂ ಇಲ್ಲವೆಂದು ಖಚಿತಪಡಿಸಿಕೊಂಡು, ದೇಹಕ್ಕೆ ಬೇಕಾದಷ್ಟು ಆಹಾರ ದೊರೆಯುತ್ತಿಲ್ಲವೆಂದರು. ಜರ್ಮನಿಯ ಗೀಸೆನ್ನಿನ ವಿದ್ವಾಂಸರು ಬಹುಕಾಲದಿಂದ ಹಸಿಯೂಟವನ್ನೇ ಮಾಡುತ್ತಿದ್ದ 513 ಮಂದಿಯನ್ನು ವಿಚಾರಿಸಿ 1999ರಲ್ಲಿ ಒಂದು ವರದಿಯನ್ನು ಪ್ರಕಟಿಸಿದ್ದರು. ಅವರಲ್ಲಿ 45 ವರ್ಷಕ್ಕೆ ಕೆಳಗಿನ ಸ್ತ್ರೀಯರ ಪೈಕಿ ಶೇಕಡ 30ರಷ್ಟು ಜನಕ್ಕೆ ಮುಟ್ಟು ಏರುಪೇರಾಗಿತ್ತು, ಇಲ್ಲವೆ ಪೂರ್ತಿ ನಿಂತಿತ್ತು. ಆ ರಾತ್ರಿ ನಾವು ಗೋಡೆಯ ಪಟ್ಟಿಯನ್ನು ಲೆಕ್ಕ ಹಾಕಿ ನೋಡಿದೆವು. ಎಲ್ಲವನ್ನೂ ಕೂಡಿಸಿದರೂ ಸುಮಾರು ಸಾವಿರ ಕ್ಯಾಲೊರಿ! ಓಡಾಡುವ ಹರೆಯದ ಹುಡುಗಿಗೆ ಅದರ ಸುಮಾರು ಎರಡರಷ್ಟಾದರೂ ಬೇಕು.

ಬೆಂಕಿಯ ಮೇಲೆ ನಾವು ಹೊರಿಸಿದ್ದ ಅಪವಾದವೂ ಅರ್ಧ ಸತ್ಯವೆಂದು ಆಮೇಲೆ ತಿಳಿಯಿತು. ಬೇಯಿಸಿದರೆ ಸಿ ಜೀವಸತ್ವ ಬಹಳಷ್ಟು ಕುಂದುವುದು, ಸೊಪ್ಪನ್ನು ಬಸಿದು ಚೆಲ್ಲಿದ ನೀರಿನೊಡನೆ ಇನ್ನಷ್ಟು ಹರಿದುಹೋಗುವುದು ನಿಜ. ಆದರೆ ಧಾನ್ಯದ ಪಿಷ್ಟ ಬೆಂದರೆ ಮಾತ್ರ ಸುಲಭವಾಗಿ ಜೀರ್ಣವಾಗುತ್ತದೆ. ಗಜ್ಜರಿ, ಟೊಮ್ಯಾಟೊಗಳ ಬಣ್ಣದ ಸತ್ವಗಳು ತುಸು ಎಣ್ಣೆಯೊಡನೆ ಬೆಂದಾಗಲೇ ಮೈಗೆ ಹೆಚ್ಚು ಹತ್ತುತ್ತವೆ. ರಾಜ್ಮಾ ಕಾಳನ್ನು ಹಸಿಯಾಗಿ ತಿಂದರೆ ವಾಂತಿಭೇದಿ ತಪ್ಪದು. ಮರಗೆಣಸಿನಲ್ಲಿ ವಿಷವೇ ಇದೆ. ಕೆಸುವಿನೆಲೆಯ ತುರಿಕೆಯನ್ನು ಬಲ್ಲವರು ಬಲ್ಲರು. ಕಹಿಯಾದ ಸೋರೆಯ ರಸ ಕುಡಿದು ಪ್ರಾಣ ಕಳೆದುಕೊಂಡವರು ನಮ್ಮ ದೇಶದಲ್ಲಿಯೇ ಇದ್ದಾರೆ. ಮೊಳಕೆಗಾಳಿನ ವಿಷಯದಲ್ಲಿಯೂ ಎಚ್ಚರ ಬೇಕು. 2011ರಲ್ಲಿ ಜರ್ಮನಿಯಲ್ಲಿ ಮೆಂತ್ಯದ ಮೊಳಕೆಯಿಂದ ಹರಡಿದ ಸೋಂಕಿಗೆ ಐವತ್ತಕ್ಕೂ ಹೆಚ್ಚು ಜನ ಬಲಿಯಾದರು. ಮೊಳಕೆಗೆ ಬೇಕಾದ ಬೆಚ್ಚಗಿನ ತೇವವೇ ಸೂಕ್ಷ್ಮಜೀವಿಗಳಿಗೂ ಬೇಕಾದುದು. ನಮ್ಮ ಮನೆಯಲ್ಲಿ ಈಗ ಮೊಳಕೆಗಾಳನ್ನು ಒಂದು ಕುದಿ ಕುದಿಸದೆ ಬಡಿಸುವುದಿಲ್ಲ.

ಹಸಿಯೂಟದ ಪ್ರಸಿದ್ಧ ಆಚಾರ್ಯರಾದ ಝೂರಿಚ್ ನಗರದ ವೈದ್ಯ ಬಿರ್ಶರ್-ಬೆನ್ನರ್ ಅವರು ರೋಗಿಗಳಿಗೆ ಕೊಡುತ್ತಿದ್ದ ‘ಮ್ಯೂಸ್ಲಿ’ಯಲ್ಲಿಯೂ ತುರಿದ ಸೇಬು, ನೆನೆದ ಓಟ್ಸು, ನಿಂಬೆಯ ರಸಗಳ ಜೊತೆಗೆ ಡಬ್ಬಿಯ ಗಟ್ಟಿಹಾಲು ಇತ್ತು. ಅದು ಕಾಯಿಸಿ ಬತ್ತಿಸಿದ ಹಾಲಲ್ಲದೆ ಮತ್ತೇನು? ಗುರುವಿಗೆ ಇಲ್ಲದ ಮಡಿ ನಮಗೇಕೆ ಬೇಕಿತ್ತೋ.

ನಮಗೆ ದಾರಿ ದೊರೆತದ್ದು ಪುಸ್ತಕದಲ್ಲಿ ಅಲ್ಲ, ಮಾವನವರ ಮನೆಯಲ್ಲಿ. ನಮ್ಮ ಮನೆಯವರ ತವರು ಧಾರವಾಡದ ಕಡೆಯ ಒಂದು ಹಳ್ಳಿ. ಆ ವರ್ಷ ದೀಪಾವಳಿಗೆ ಹೋಗಿದ್ದಾಗ, ಜೋಳದ ರೊಟ್ಟಿ ಎಣ್ಣೆಗಾಯಿಗಳ ಪಕ್ಕದಲ್ಲಿ ಹಸಿಯ ಮೂಲಂಗಿ, ಉಳ್ಳಾಗಡ್ಡಿ, ಎಳೆಯ ಮೆಂತ್ಯದ ಸೊಪ್ಪು, ಹಕ್ಕರಿಕೆ, ಮೇಲೆ ಶೇಂಗಾದ ಹಿಂಡಿ, ಗಟ್ಟಿಮೊಸರು ಬಂದು ಕುಳಿತವು. ಇಪ್ಪತ್ತೈದು ವರ್ಷಗಳಿಂದ ಆ ತಟ್ಟೆಯ ಮುಂದೆ ಕುಳಿತಿದ್ದೇವೆ. ಅದರಲ್ಲಿ ಹಸಿಯೂಟವಿದೆಯೆಂದು ಒಂದು ದಿನವೂ ಹೊಳೆದಿರಲಿಲ್ಲ. ಅಲ್ಲಿ ಯಾರೂ ಅದಕ್ಕೆ ಹೆಸರಿಟ್ಟಿಲ್ಲ, ವ್ರತವೆಂದೂ ಕರೆದಿಲ್ಲ. ಮಲೆನಾಡಿನ ಒಂದೆಲಗದ ತಂಬುಳಿ, ನಮ್ಮ ಕಡೆಯ ಶ್ರೀರಾಮನವಮಿಯ ಕೋಸಂಬರಿ, ಸೌತೆಯ ಪಚಡಿ ಇವೂ ಬೇಯದವುಗಳೇ; ಬೆಂದ ಅನ್ನದ ಪಕ್ಕದಲ್ಲಿ ತಮ್ಮ ಪಾಡಿಗೆ ತಾವಿರುವವು.

ಹಿಂದಿರುಗಿದ ಮೇಲೆ ಪಟ್ಟಿಯನ್ನು ಕಿತ್ತೆವು. ಪ್ರತಿದಿನದ ಒಂದೊಂದು ಊಟದಲ್ಲಿಯೂ ಹಸಿಯದೊಂದು ಪದಾರ್ಥ, ಉಳಿದದ್ದೆಲ್ಲ ಬೆಂದದ್ದು. ಹಾಲು ಕಾಯಿಸಿದ್ದು, ಅದನ್ನು ಬಿಡುವುದಿಲ್ಲ, ಏಕೆಂದರೆ ಮಾಂಸ ಮೊಟ್ಟೆಗಳನ್ನು ಮುಟ್ಟದ ನಮ್ಮಂಥವರಿಗೆ ಬಿ12 ಜೀವಸತ್ವ ದೊರೆಯುವುದು ಹಾಲುಮೊಸರುಗಳಿಂದ. ನಮ್ಮ ಹೊಟ್ಟೆಗೆ ಹಸಿಯ ಎಲೆಕೋಸು ಒಗ್ಗದು, ಮಗಳಿಗೆ ಒಗ್ಗುತ್ತದೆ. ರಾತ್ರಿ ಹಸಿಯ ಮೂಲಂಗಿ ತಿಂದರೆ ನಮಗೆ ತೇಗು ನಿಲ್ಲದು, ನಮ್ಮ ಮನೆಯವರಿಗೆ ಅದಿಲ್ಲದೆ ಊಟ ಸೇರದು. ಒಬ್ಬರ ತಟ್ಟೆಯನ್ನು ಇನ್ನೊಬ್ಬರು ತಿದ್ದುವ ಅಭ್ಯಾಸವನ್ನು ಬಿಟ್ಟಿದ್ದೇವೆ. ತೂಕ ಮೊದಲಿನಂತೆ ಇಳಿಯಲಿಲ್ಲ; ಎದೆಯುರಿ ಮಾತ್ರ ಬಹುಮಟ್ಟಿಗೆ ಹೋಗಿದೆ. ಅದು ಹಸಿಯ ತರಕಾರಿಯ ಗುಣವೋ, ಎರಡನೆಯ ಸಲ ಅನ್ನ ಬಡಿಸಿಕೊಳ್ಳದಿರುವುದರ ಫಲವೋ, ನಿರ್ಣಯಿಸಲಾರೆವು. ಮಗಳ ಆರೋಗ್ಯ ನಾಲ್ಕು ತಿಂಗಳಲ್ಲಿ ಸರಿಹೋಯಿತು.

ಮನೆಯಲ್ಲಿ ಕೋಸಂಬರಿ ಕಲಸುವ ಕೆಲಸ ಈಗ ನಮ್ಮ ಪಾಲಿಗೆ ಬಂದಿದೆ. ಹೆಸರುಬೇಳೆಯನ್ನು ತೊಳೆದು ಒಂದು ಗಂಟೆ ನೆನೆಸಿ ಬಸಿದು, ಚೆನ್ನಾಗಿ ತೊಳೆದ ಸೌತೆಯನ್ನು ಹೆಚ್ಚಿ, ತೆಂಗಿನ ತುರಿ, ನಿಂಬೆಯ ರಸ ಸೇರಿಸುತ್ತೇವೆ. ಕಳೆದ ತಿಂಗಳು ಅಕ್ಕ ಬಂದಿದ್ದಳು. ತುತ್ತು ಬಾಯಿಗಿಟ್ಟು, “ಉಪ್ಪನ್ನು ಮೊದಲೇ ಹಾಕಿಬಿಟ್ಟಿದ್ದೀಯೋ, ಸೌತೆ ನೀರು ಬಿಟ್ಟುಕೊಂಡಿದೆ” ಎಂದಳು. ಅಂದಿನಿಂದ ಉಪ್ಪನ್ನು ಎಲೆಗೆ ಬಡಿಸುವ ಹೊತ್ತಿಗೆ ಹಾಕುತ್ತಿದ್ದೇವೆ.